ಗೆರೆ ಮುಟ್ಟಿದರೆ ಹತ್ತು

ಬಸ್ಸು ಶಿಕಾರಿಪುರ ಬಿಡುವ ಮೊದಲೇ ಹುಚ್ಚರಾಯಪ್ಪ ಅಂಗಿಯ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕ ಅದನ್ನು ಗಮನಿಸಿ, ಬಸ್ಸಿನಲ್ಲಿ ಜೇಬುಗಳ್ಳರಿರಬೇಕೆಂದು ತನ್ನ ಎಲೆ ಅಡಿಕೆ ಚೀಲವನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಜೇಬಿನಲ್ಲಿದ್ದದ್ದು ಯಾವ ಕಳ್ಳನಿಗೂ ಬೇಕಾಗುವ ವಸ್ತುವಲ್ಲ. ಚರ್ಮದ ಪುಟ್ಟ ಒರೆಯೊಳಗೆ ಬೆರಳುದ್ದದ ಒಂದು ಹಿತ್ತಾಳೆ ಕಡ್ಡಿ. ಅದರ ಒಂದು ತುದಿ ಏರ್‌ಗನ್ನಿನ ಗುಂಡಿನಷ್ಟೇ ದಪ್ಪ, ಇನ್ನೊಂದು ತುದಿಗೆ ಮಡಚಿ ಬಿಚ್ಚುವಂಥ ಒಂದು ಭೂತಗನ್ನಡಿ. ಗುರಿಯ ಕಾರ್ಡಿನಲ್ಲಿ ಗುಂಡು ಕೊರೆದ ತೂತಿಗೆ ಕಡ್ಡಿಯನ್ನು ಇಳಿಸಿ ಕನ್ನಡಿಯಲ್ಲಿ ನೋಡಬೇಕು. ಕಡ್ಡಿಯ ಮೈ ಒಳಗಿನ ಸುತ್ತಿನ ಗೆರೆಯನ್ನು ಮುಟ್ಟಿದರೆ ಹೊಡೆದವನಿಗೆ ಹೆಚ್ಚಿನ ಅಂಕ, ಮುಟ್ಟದಿದ್ದರೆ ಕಡಿಮೆಯದು. ಅಷ್ಟೇ ಅದರ ಕೆಲಸ. ಕೆರೆ ದುರಸ್ತಿಗೆಂದು ಬಂದಿದ್ದ ಎಂಜಿನಿಯರೊಬ್ಬರು ಅದನ್ನು ಮುಂಬಯಿಯಿಂದ ಅಂಚೆಯಲ್ಲಿ ತರಿಸಿದ್ದರು; ವರ್ಗವಾಗಿ ಹೋಗುವಾಗ ಇವನ ಕೈಗೆ ಕೊಟ್ಟು, ‘ಒಂದು ತೂತಿಗೆ ಒಂದೇ ಸಲ ಇಳಿಸಬೇಕು, ಎರಡನೇ ಸಲಕ್ಕೆ ಕಾಗದ ಹಿಗ್ಗುತ್ತದೆ’ ಎಂದು ಹೇಳಿದ್ದರು. ಇವನಿಗೇ ಏಕೆ ಕೊಟ್ಟರೆಂದರೆ, ಊರಿನ ಕ್ಲಬ್ಬಿನಲ್ಲಿ ಗುಂಡು ಹೊಡೆಯಲು ಬಾರದವನು ಇವನೊಬ್ಬನೇ. ಹುಚ್ಚರಾಯಪ್ಪನಿಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಜೊತೆಯಲ್ಲಿ ಮುಚ್ಚಿಕೊಂಡುಬಿಡುತ್ತಿತ್ತು. ಹೀಗೆ ಕಣ್ಣು ಮುಚ್ಚಲಾಗದ್ದರಿಂದಲೇ ಅವನು ತೀರ್ಪುಗಾರನಾದ. ತಾಲ್ಲೂಕು ಕಚೇರಿಯಲ್ಲಿ ಯಾರೂ ಲೆಕ್ಕಕ್ಕಿಡದ ಈ ಗುಮಾಸ್ತನ ಮುಂದೆ ಭಾನುವಾರ ದೊಡ್ಡ ದೊಡ್ಡವರೂ ಕಾರ್ಡು ಹಿಡಿದು ನಿಲ್ಲುತ್ತಿದ್ದರು. ಕ್ಲಬ್ಬಿನವರು ಅದನ್ನು ಗೇಜು ಎನ್ನುತ್ತಿದ್ದರು. ಅವನ ಅವ್ವ ಮಾತ್ರ ಅದನ್ನು ಕಂಡ ದಿನದಿಂದ, ಕಿವಿಯ ಕೊಳೆ ತೆಗೆಯುವ ಕಡ್ಡಿಯೆಂಬಂತೆ, ಗುಗ್ಗೆಕಡ್ಡಿ ಎಂದೇ ಕರೆಯುತ್ತಿದ್ದಳು. ಬೆಳಿಗ್ಗೆ ಹೊರಡುವಾಗಲೂ, ‘ಆ ಗುಗ್ಗೆಕಡ್ಡಿ ತಗಂಡು ಎಲ್ಲಿಗ್ ಹೊಂಟಿ?’ ಎಂದು ಕೇಳಿದ್ದಳು. ‘ಸೊರಬಕ್ಕೆ, ಪಂದ್ಯಕ್ಕೆ’ ಎಂದಿದ್ದ. ಅವಳು ಅವನ ಮುಖವನ್ನೇ ನೋಡಿ, ‘ಪಂದ್ಯಕ್ಕ’ ಎಂದಿದ್ದಳು. ಅದರಲ್ಲಿ ಪ್ರಶ್ನೆ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಪಂದ್ಯಕ್ಕೇ ಹೋಗುತ್ತಿದ್ದೇನೆ ಎಂದು ಅವನು ತನಗೂ ಹೇಳಿಕೊಂಡಿದ್ದ. ಸೊರಬದ ಅಕ್ಕಿ ಗಿರಣಿಯ ಅಂಗಳದಲ್ಲಿ ಶಿಕಾರಿಪುರಕ್ಕೂ ಸೊರಬಕ್ಕೂ ವರ್ಷಕ್ಕೊಮ್ಮೆ ನಡೆಯುವ ಏರ್‌ಗನ್ ಪಂದ್ಯ. ಗಿರಣಿ ಅವನ ಮಾವ ಜಟ್ಟಪ್ಪನವರದು. ಗಿರಣಿಯ ಹಿಂದೆಯೇ ಮಾವನ ಮನೆ. ಮನೆಯೊಳಗೆ ಅವನ ಹೆಂಡತಿ ವರದಮ್ಮ. ಗೌರಿಹಬ್ಬಕ್ಕೆಂದು ತವರಿಗೆ ಹೋದವಳು ದೀಪಾವಳಿ ಕಳೆದರೂ ಬಂದಿರಲಿಲ್ಲ. ಕರೆಯಲು ಹೋದರೆ ಬರುವುದಿಲ್ಲ ಎಂದುಬಿಟ್ಟರೆ? ಪಂದ್ಯಕ್ಕೆ ಹೋದರೆ ಆ ಭಯವಿಲ್ಲ. ಬಂದರೆ ಬಂದಳು, ಬರದಿದ್ದರೆ ತಾನು ಹೋದದ್ದು ಪಂದ್ಯಕ್ಕೆ. ಈ ಲೆಕ್ಕಾಚಾರ ಎಷ್ಟು ಹೇಡಿತನದ್ದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಅದೇನೂ ಕಡಿಮೆಯಾಗಲಿಲ್ಲ. ಕಂಡಕ್ಟರನನ್ನು ಹತ್ತಿರ ಕರೆದು, ಸಂಜೆಯ ಬಸ್ಸಿನಲ್ಲಿ ಸೀಟು ಸಿಗುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಕಂಡಕ್ಟರ್ ಬಸ್ಸಿಗೆಲ್ಲ ಕೇಳುವ ಹಾಗೆ, ‘ಎಷ್ಟು ಜನ ರೀ?’ ಎಂದ. ಹುಚ್ಚರಾಯಪ್ಪ ಕಿಟಕಿಯಾಚೆ ನೋಡುತ್ತ, ‘ಒಂದು. ಇಲ್ಲಾ ಎರಡು ಆಗಬಹುದು’ ಎಂದ. ‘ಮೊದ್ಲು ಗಟ್ಟಿ ಮಾಡ್ಕಳ್ರಿ’ ಎಂದು ಕಂಡಕ್ಟರ್ ಮುಂದೆ ಹೋದ. ಮುಂದಿನ ಸೀಟಿನಲ್ಲಿ ಕೂತಿದ್ದ ಶಿರಸ್ತೇದಾರ ಗಂಗಾಧರಪ್ಪನವರು ತಿರುಗಿ ನೋಡಿದರು. ಕಚೇರಿಯಲ್ಲಿ ಅವನ ಮೇಲಧಿಕಾರಿ, ಕ್ಲಬ್ಬಿನ ಅಧ್ಯಕ್ಷರು, ಈ ದಿನ ಶಿಕಾರಿಪುರದ ಕಡೆಯ ಗುರಿಕಾರರು. ಬೆಡ್‌ಶೀಟಿನಲ್ಲಿ ಸುತ್ತಿದ ಏರ್‌ಗನ್ನನ್ನು ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿ ಹಿಡಿದಿದ್ದರು.

ಶಿರಾಳಕೊಪ್ಪದಲ್ಲಿ ಹತ್ತಿದ ಕ್ಯಾಸನೂರಿನ ಒಬ್ಬಾತ ಆ ಬೆಡ್‌ಶೀಟಿನಿಂದ ಹೊರಬಂದ ನಳಿಗೆಯನ್ನು ನೋಡಿ, ‘ನಮ್ ಕಡೆ ಕಾಡಾಗೆ ಮಂಗ ಸಾಯ್ತಾವಲ, ನೀವೇ ಏನು ಹೊಡೆಯದು?’ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಗಂಗಾಧರಪ್ಪನವರು ತಾವು ಹೊಡೆಯುವುದು ಕಾಗದಕ್ಕೆ ಎಂದರು. ‘ಕಾಗದ ಏನ್ ಮಾಡಿತ್ತು ಪಾಪ’ ಎಂದು ಆತ ಸುಮ್ಮನಾದ. ಬಸ್ಸು ಉಡುತಡಿಯ ದಾರಿಯ ಹತ್ತಿರ ನಿಂತು ಯಾರನ್ನೋ ಇಳಿಸಿತು. ಹುಚ್ಚರಾಯಪ್ಪನಿಗೆ ಗೌರಿಹಬ್ಬಕ್ಕೆ ಮೊದಲಿನ ಆ ದಿನ ಮತ್ತೆ ಕಣ್ಣ ಮುಂದೆ ಬಂತು. ಒಲೆಯ ಮೇಲೆ ಹಾಲು ಇತ್ತು. ಅವನು ಅಡುಗೆಮನೆಯ ಹೊಸ್ತಿಲಲ್ಲೇ ಕೂತು, ಹಿಂದಿನ ಭಾನುವಾರದ ಒಂದು ಕಾರ್ಡನ್ನು ಕನ್ನಡಿಯಲ್ಲಿ ನೋಡುತ್ತಿದ್ದ. ವರದ ಹಿತ್ತಲಿಗೆ ಹೋಗಿ ಬೆರಣಿ ತರುವೆನೆಂದು ಉರಿ ತಗ್ಗಿಸಿ ಹೋದಳು. ಅವ್ವ ಬಂದು, ಬಗ್ಗಿ, ಎರಡು ಸೌದೆ ಒಳಗೆ ನೂಕಿ, ಪಕ್ಕದ ಮನೆಯವಳು ಕರೆದಳೆಂದು ಎದ್ದು ಹೋದಳು. ಹಾಲು ಉಕ್ಕಿತು. ಅವ್ವ ವಾಪಸು ಬಂದು, ‘ಎಲ್ಲಿ ನಿಗಾ ಇಟ್ಟಿದ್ದಿ? ತವರಿನ ಕನಸು ಕಾಣ್ತಿದ್ದೇನು?’ ಎಂದು ಶುರು ಮಾಡಿದಳು. ವರದ ವಾದ ಮಾಡಲಿಲ್ಲ. ಬೆರಣಿಯ ಬುಟ್ಟಿ ಇಳಿಸಿ, ‘ನಾನು ಉರಿ ತಗ್ಗಿಸಿ ಹೋಗಿದ್ದೆ. ಇವರು ಇಲ್ಲೇ ಕೂತಿದ್ರು. ಇವರೇ ಹೇಳ್ಲಿ’ ಎಂದಳು. ಇಬ್ಬರೂ ಅವನ ಕಡೆ ತಿರುಗಿದರು. ಅವನ ಕಣ್ಣಿನಲ್ಲಿ ಎಲ್ಲವೂ ಇತ್ತು. ಅವ್ವನ ಬಗ್ಗಿದ ಬೆನ್ನು, ಸೌದೆಯ ತೊಗಟೆ, ಮೇಲೆದ್ದ ಕಿಡಿ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಹೇಳಬಲ್ಲ ಮನುಷ್ಯ ಕಾರ್ಡಿನಿಂದ ತಲೆ ಎತ್ತಿ, ‘ಎರಡೂ ಕಡೆ ಇರಬಹುದು’ ಎಂದ. ಅವ್ವ ಗೆದ್ದವಳಂತೆ ಒಲೆ ಒರೆಸಿದಳು. ವರದ ಅವನನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿನಿಂದಲ್ಲ, ಸಂತೆಯಲ್ಲಿ ತಕ್ಕಡಿಯನ್ನು ನೋಡುವ ಹಾಗೆ. ಆ ನೋಟ ಅವನ ಬೆನ್ನಿಗೆ ಅಂಟಿಕೊಂಡು ಈಗ ಸೊರಬದ ಬಸ್‌ಸ್ಟ್ಯಾಂಡಿನಲ್ಲೂ ಜೊತೆಗೇ ಇಳಿಯಿತು.

ಗಿರಣಿಯ ಅಂಗಳದಲ್ಲಿ ಭತ್ತದ ಮೂಟೆಗಳನ್ನು ಗೋಡೆಯ ಹಾಗೆ ಪೇರಿಸಿದ್ದರು. ಗುಂಡು ಆ ಕಡೆ ಹೋಗಬಾರದು ಎಂದು. ಎದುರಿಗೆ ಬೆಂಚು, ಬೆಂಚಿನ ಮೇಲೆ ಊರಿನ ಹಿರಿಯರು. ಜಟ್ಟಪ್ಪನವರು ಬಾಗಿಲಿಗೇ ಬಂದು, ‘ಬರ್ರಿ ಬರ್ರಿ ಅಳಿಯಂದ್ರೇ, ಕಾಲಿಗೆ ನೀರು ತಗಳ್ರಿ’ ಎಂದು ಚೊಂಬು ಹಿಡಿದರು. ವರದನ ಮಾತು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಇಬ್ಬರೂ ಈ ಸಲದ ಚಳಿಯ ಬಗ್ಗೆ ಬಹಳ ವಿವರವಾಗಿ ಮಾತಾಡಿದರು. ಗಿರಣಿಯ ಕಿಟಕಿಯ ಸರಳುಗಳ ಹಿಂದೆ ಹೆಂಗಸರು ಕೂತಿದ್ದರು. ಅತ್ತೆ ಹೂವಮ್ಮನವರ ಬಿಳಿ ತಲೆ ಕಂಡಿತು, ಅದರ ಪಕ್ಕದಲ್ಲಿ ಹಸಿರು ಸೀರೆಯ ಒಂದು ಭುಜ ಕಂಡಿತು. ಆ ಭುಜ ವರದನದೇ ಎಂದು ಅವನಿಗೆ ಖಾತ್ರಿ ಇತ್ತು. ಆದರೆ ಖಾತ್ರಿಯಾದದ್ದನ್ನು ಹೇಳಲಾಗದ ತನ್ನ ಬುದ್ಧಿಯ ಮೇಲೆ ನಂಬಿಕೆ ಹೋಗಿ, ಬೇರೆ ಯಾರಾದರೂ ಇರಬಹುದು ಎಂದೂ ಅಂದುಕೊಂಡ.

ಆಗ ಮಾವ ಗುರಿಯ ಕಾರ್ಡುಗಳ ಕಟ್ಟನ್ನು ಅವನ ಕೈಗಿತ್ತರು. ದಪ್ಪನೆಯ ಒಳ್ಳೆಯ ಕಾಗದ. ನೀಲಿ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದ ಸುತ್ತುಗಳು, ನಡುವಿನ ಪುಟ್ಟದು ಹತ್ತರದು, ಅದರಾಚೆಯದು ಒಂಬತ್ತರದು. ಮೂಲೆಗಳಲ್ಲಿ ಅರಿಶಿನ ಕಂಡು ಅವನು ಒಂದನ್ನು ತಿರುಗಿಸಿ ನೋಡಿದ. ಚಿ|| ರಾ|| ಹುಚ್ಚರಾಯಪ್ಪ. ಚಿ|| ಕುಂ|| ಸೌ|| ವರದಮ್ಮ. ಅವನದೇ ಮದುವೆಯ ಲಗ್ನಪತ್ರಿಕೆ.

‘ಶಿವಮೊಗ್ಗದಾಗೆ ಅಚ್ಚು ಹಾಕ್ಸಿದ್ದು’ ಎಂದರು ಜಟ್ಟಪ್ಪನವರು, ಸಂಕೋಚವೇನೂ ಇಲ್ಲದೆ. ‘ಕಟ್ಟುಗಟ್ಲೆ ಉಳ್ದಿತ್ತು. ಹಿಂದ್ಗಡೆ ಖಾಲಿ ಐತಲ್ಲ, ಎಂತಕ್ಕೆ ದಂಡ ಮಾಡದು ಅಂತ. ವರದೀನೇ ಕೂತು ಕೈವಾರದಾಗೆ ಸುತ್ತು ಬರ್ದ್ಲು.’

ಹುಚ್ಚರಾಯಪ್ಪ ಕಾರ್ಡನ್ನು ಬಿಸಿಲಿಗೆ ಹಿಡಿದ. ಕೈವಾರದ ಮುಳ್ಳು ಊರಿದ ಚುಕ್ಕೆ ಸರಿಯಾಗಿ ಅವನ ಹೆಸರಿನ ಮೇಲಿತ್ತು. ಇನ್ನೊಂದನ್ನು ಹಿಡಿದ, ಅದರಲ್ಲೂ ಹೆಸರಿನ ಮೇಲೆಯೇ. ಮೂರನೆಯದರಲ್ಲಿ ಮುಳ್ಳು ‘ಚ್ಚ’ದ ಹೊಟ್ಟೆಯನ್ನೇ ಹಿಡಿದಿತ್ತು. ಉಳಿತಾಯದ ಮನುಷ್ಯನೊಬ್ಬ ಉಳಿದ ಕಾಗದವನ್ನು ಬಳಸಿದ್ದಾನೆ, ಇದರಲ್ಲಿ ಏನೂ ಇಲ್ಲ. ಅಥವಾ ಇಡೀ ಮನೆ ಕೂತು ತನ್ನ ಹೆಸರನ್ನು ಮೂಟೆಗೆ ಚುಚ್ಚಿ ಗುಂಡು ಹೊಡೆಯುವ ಏರ್ಪಾಡು ಮಾಡಿದೆ. ಎರಡೂ ಇರಬಹುದು. ಈ ಮಾತು ಮನಸ್ಸಿನಲ್ಲಿ ಬಂದ ಕೂಡಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಷ್ಟರಲ್ಲಿ ಮೊದಲ ಗುಂಡು ಹಾರಿ, ಗಂಗಾಧರಪ್ಪನವರ ಕಾರ್ಡು ಅವನ ಮುಂದೆ ಬಂತು. ಒಂಬತ್ತು. ತಲೆಕೆಳಗಾಗಿ ನೋಡಿದರೂ ಒಂಬತ್ತು. ಗೇಜು ತೆಗೆಯುವ ಅಗತ್ಯವೇ ಇರಲಿಲ್ಲ. ಹುಚ್ಚರಾಯಪ್ಪನ ಹೆಸರಿನಿಂದ ‘ರಾ’ ಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನ ಹೆಸರಿನ ಎಲ್ಲ ಅಕ್ಷರಗಳೂ ಒಂದಲ್ಲ ಒಂದು ಕಾರ್ಡಿನಲ್ಲಿ ಹಾರಿಹೋಗಿದ್ದವು. ಉಳಿದವರು ಹಿಂದೆ ಬಿದ್ದು, ಕೊನೆಗೆ ಶಿರಸ್ತೇದಾರರು ಮತ್ತು ಮಾವ ಇಬ್ಬರೇ ಉಳಿದರು. ಮಾವನದು ಕಡೆಯ ಗುಂಡು. ಅದು ಹತ್ತಾದರೆ ಇಬ್ಬರೂ ಸಮ. ಸಮವಾದರೆ ಬಹುಮಾನದ ಕಪ್ಪು ಹೋದ ವರ್ಷ ಗೆದ್ದ ಸೊರಬದಲ್ಲೇ ಉಳಿಯುತ್ತದೆ. ಒಂಬತ್ತಾದರೆ ಕಪ್ಪು ಶಿಕಾರಿಪುರದ ಬಸ್ಸು ಹತ್ತುತ್ತದೆ. ಜಟ್ಟಪ್ಪನವರು ಪಂಚೆ ಎತ್ತಿ ಕಟ್ಟಿ, ಕೆನ್ನೆಯನ್ನು ಬಂದೂಕಿನ ಹಿಡಿಗೆ ಒತ್ತಿ, ಭತ್ತಕ್ಕೆ ಬರುವ ಗುಬ್ಬಿಗಳನ್ನು ಬೆದರಿಸಿ ಪಳಗಿದ ಕೈಯಿಂದ ಹೊಡೆದರು. ಕಾರ್ಡು ಬಂತು. ಗುಂಡು ಹತ್ತರ ಸುತ್ತಿನ ಹೊರಗೆ, ಗೆರೆಗೆ ತಾಗಿಯೂ ತಾಗದ ಹಾಗೆ ಬಿದ್ದಿತ್ತು. ಬೆಂಚಿನ ಮೇಲಿದ್ದವರೆಲ್ಲ ಎದ್ದರು.

ಹುಚ್ಚರಾಯಪ್ಪ ಒರೆಯಿಂದ ಗೇಜು ತೆಗೆದು, ಉಸಿರು ಬಿಗಿಹಿಡಿದು, ನೆಟ್ಟಗೆ ಇಳಿಸಿ, ಕನ್ನಡಿ ಬಿಚ್ಚಿ ನೋಡಿದ. ಈ ಒಂದು ಗಳಿಗೆ ಅವನಿಗೆ ಪ್ರಪಂಚದಲ್ಲೇ ಇಷ್ಟವಾದದ್ದು. ಸುತ್ತಲಿನ ಜನ, ಮಾವ, ಅಧಿಕಾರಿ, ಹಸಿರು ಭುಜ ಎಲ್ಲವೂ ಮಾಯವಾಗಿ, ಹಿತ್ತಾಳೆಯ ಹೊಳಪು ಮತ್ತು ನೀಲಿ ಗೆರೆ ಇವೆರಡೇ ಉಳಿದವು. ಅವೆರಡರ ನಡುವೆ ಕೂದಲೆಳೆಯಷ್ಟು ಬಿಳಿ ಇತ್ತು. ಸ್ಪಷ್ಟವಾಗಿ ಇತ್ತು. ಒಂಬತ್ತು. ಅವನು ಗೇಜು ತೆಗೆದು, ತಲೆ ಎತ್ತಿ, ಬಾಯಿ ತೆರೆದ.

‘ತಡೀರಿ’ ಎಂದರು ಗಂಗಾಧರಪ್ಪನವರು. ‘ಹೊಡೆದವರು ನಿಮ್ಮ ಮಾವ. ನೀವು ಅಳಿಯಂದಿರು. ನಾಳೆ ನಾಲ್ಕು ಜನ ಆಡಿಕೊಳ್ಳಬಾರದು. ಕೊಡಿ ಇಲ್ಲಿ, ನಾನೂ ನೋಡ್ತೀನಿ.’

ಒಂದು ತೂತಿಗೆ ಒಂದೇ ಸಲ ಸಾರ್, ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಚೇರಿಯಲ್ಲಿ ಶಿರಸ್ತೇದಾರರು ಕೈ ಚಾಚಿದರೆ ಕಾಗದವೋ ಕಡತವೋ ತಾನಾಗಿ ಹೋಗಿ ಅಲ್ಲಿ ಕೂರುತ್ತಿತ್ತು. ಇಷ್ಟು ವರ್ಷದ ಅಭ್ಯಾಸದಲ್ಲಿ ಗೇಜು ಕೂಡ ಹಾಗೆಯೇ ಹೋಗಿ ಕೂತಿತು. ಅವರು ಅದನ್ನು ತೂತಿಗಿಟ್ಟು ಕಚೇರಿಯ ಮೊಹರು ಒತ್ತಿದ ಹಾಗೆ ಒತ್ತಿದರು. ಕಾರ್ಡು ಸಣ್ಣಗೆ ಚರ್ ಎಂದಿತು. ಆ ಸದ್ದು ಹುಚ್ಚರಾಯಪ್ಪನಿಗೆ ಮಾತ್ರ ಕೇಳಿಸಿತು. ಶಿಕಾರಿಪುರದವರು ನೋಡಿದ ಮೇಲೆ ಸೊರಬದವರು ನೋಡದಿರುವುದು ಹೇಗೆ? ಕಾರ್ಡೂ ಗೇಜೂ ಬೆಂಚಿನ ಹಿರಿಯರಿಗೆ ಒಬ್ಬೊಬ್ಬರಿಗೇ ಹೋದವು. ತಾಂಬೂಲದ ತಟ್ಟೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಹೋದರೆ ಎಷ್ಟು ಅವಮಾನವೋ ಇದೂ ಅಷ್ಟೇ ಎಂದು ಎಲ್ಲರಿಗೂ ಅನ್ನಿಸಿತ್ತು. ಪೋಸ್ಟ್‌ಮಾಸ್ತರರು ಗೇಜನ್ನು ತೂತಿನಲ್ಲಿ ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಿದರು. ಕಣ್ಣು ಮಂಜಾಗಿದ್ದ ಒಬ್ಬರು, ಕನ್ನಡಿಯ ಕಡೆಯನ್ನೇ ತೂತಿಗೆ ಹಾಕಲು ನೋಡಿ, ಆಗದೆ, ‘ಗಟ್ಟಿ ಐತೆ’ ಎಂದು ತೀರ್ಪು ಕೊಟ್ಟರು. ದೊಡ್ಡ ಅಡಿಕೆ ವ್ಯಾಪಾರಿಯೊಬ್ಬರಿಗೆ ನೋಡುವ ಇಷ್ಟವೇ ಇರಲಿಲ್ಲ. ಆದರೆ ಪಕ್ಕದವರಿಗೆ ಕೊಟ್ಟಮೇಲೆ ತಮಗೂ ಬರಬೇಕೆಂದು ಕೈ ಚಾಚಿ, ಒಂದು ಸಲ ಚುಚ್ಚಿ, ವಾಪಸು ಕೊಟ್ಟರು. ಹುಚ್ಚರಾಯಪ್ಪ ನಿಂತು ನೋಡುತ್ತಿದ್ದ. ಪ್ರತಿ ಕೈಯಲ್ಲೂ ತೂತು ಸ್ವಲ್ಪ ಸ್ವಲ್ಪ ಬೆಳೆಯುತ್ತ ಗೆರೆಯ ಕಡೆ ಹೋಗುತ್ತಿತ್ತು. ಹಿಂದಿನಿಂದ ನೋಡಿದರೆ ಬೆಳೆಯುತ್ತಿದ್ದದ್ದು ತನ್ನದೇ ಹೆಸರಿನಲ್ಲಿ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಸೌದೆಯ ಕಿಡಿ ಮೇಲೆದ್ದದ್ದು, ಹಾಲಿನ ಅಂಚು ಏರುತ್ತ ಬಂದದ್ದು ಅವನು ಆಗಲೂ ಹೀಗೆಯೇ ಕೂತು ನೋಡಿದ್ದ.

ಕಡೆಗೆ ಗೇಜು ಒಂದು ಸುತ್ತು ಮುಗಿಸಿ ಗಂಗಾಧರಪ್ಪನವರ ಹತ್ತಿರವೇ ಬಂತು. ಮೊದಲ ಸಲ ಅವರಿಗೆ ಅನುಮಾನವಿತ್ತಂತೆ, ಇನ್ನೊಮ್ಮೆ ಇಳಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು, ಕೋಟಿನ ಗುಂಡಿ ಹಾಕಿಕೊಂಡರು.

‘ಮುಟ್ಟಿದೆ’ ಎಂದರು. ‘ಗಂಗಾಧರಪ್ಪ ಸೋತರೂ ಚಿಂತೆಯಿಲ್ಲ, ಕಣ್ಣಿಗೆ ಕಂಡದ್ದನ್ನ ಇಲ್ಲ ಅನ್ನೋ ಮನುಷ್ಯ ಅಲ್ಲ. ಜಟ್ಟಪ್ಪನವರಿಗೆ ಹತ್ತು ಕೊಡಿ.’

ಅಂಗಳದಲ್ಲಿ ಚಪ್ಪಾಳೆ ಬಿತ್ತು. ಸೋತವರೇ ಸೋಲನ್ನು ಒಪ್ಪಿಕೊಂಡದ್ದನ್ನು ಸೊರಬದವರು ಈವರೆಗೆ ಕಂಡಿರಲಿಲ್ಲ. ಜಟ್ಟಪ್ಪನವರ ಕಣ್ಣು ತುಂಬಿ ಬಂತು. ಶಿರಸ್ತೇದಾರರ ಎರಡೂ ಕೈ ಹಿಡಿದು, ‘ದೊಡ್ಡೋರು ನೀವು’ ಎಂದರು. ಯಾರೋ ನಿಂಬೆಹಣ್ಣಿನ ಪಾನಕ ತರಲು ಓಡಿದರು. ಎರಡೂರಿನ ನಡುವೆ ಇಷ್ಟು ಪ್ರೀತಿ ಯಾವ ಪಂದ್ಯದಲ್ಲೂ ಹುಟ್ಟಿರಲಿಲ್ಲ. ಉಳಿದದ್ದು ತೀರ್ಪುಗಾರನ ಒಂದು ಶಬ್ದ. ಶಿರಸ್ತೇದಾರರು ಕಾರ್ಡನ್ನೂ ಗೇಜನ್ನೂ ಅವನ ಕೈಗಿಟ್ಟು, ‘ಹೂಂ, ಹೇಳಿಬಿಡಿ’ ಎಂದರು.

ಅವನು ಇನ್ನೊಮ್ಮೆ ನೋಡಿದ. ನಿಜಕ್ಕೂ ಮುಟ್ಟಿತ್ತು. ಬಿಳಿ ಎಲ್ಲೂ ಇರಲಿಲ್ಲ. ಹತ್ತು ಎಂದರೆ ಮಾವ ಗೆದ್ದರು, ಅಧಿಕಾರಿಗೆ ಹೆಸರು ಬಂತು, ತಾನು ಅಳಿಯನಾಗಿ ಊಟಕ್ಕೆ ಕೂರಬಹುದು, ಹೆಂಡತಿಯನ್ನು ಕಳಿಸಿಕೊಡಿ ಎಂದು ನಗುನಗುತ್ತ ಕೇಳಬಹುದು. ಎಲ್ಲರೂ ಕಂಡದ್ದನ್ನೇ ಹೇಳಿದರೆ ಅದು ಸುಳ್ಳೂ ಅಲ್ಲ. ಹಾಗಾದರೆ ತಾನೊಬ್ಬನೇ ಕಂಡ ಆ ಬಿಳಿ ಎಲ್ಲಿ ಹೋಯಿತು? ತಾನು ಹೇಳದಿದ್ದರೆ ಅದು ಇರಲೇ ಇಲ್ಲ. ಅವ್ವ ಬಗ್ಗಿದ್ದೂ ಇಲ್ಲ, ಸೌದೆ ನೂಕಿದ್ದೂ ಇಲ್ಲ. ಕಿಟಕಿಯ ಕಡೆ ನೋಡಿದ. ಭುಜದ ಬದಲು ಈಗ ಅಲ್ಲಿ ಮುಖವಿತ್ತು, ಎರಡು ಸರಳುಗಳ ನಡುವೆ. ವರದ ನಗುತ್ತಿರಲಿಲ್ಲ, ಕಣ್ಣಿನಲ್ಲಿ ಬೇಡಿಕೊಳ್ಳುತ್ತಲೂ ಇರಲಿಲ್ಲ. ಅವತ್ತು ನೋಡಿದ ಹಾಗೆಯೇ ನೋಡುತ್ತಿದ್ದಳು. ಎರಡೂ ಇರಬಹುದು, ಎಂದು ಅವನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಅದನ್ನು ಮುಚ್ಚಿ ಮತ್ತೆ ತೆರೆದ.

‘ಒಂಬತ್ತು’ ಎಂದ.

ಪಾನಕ ತಂದವನು ಲೋಟಗಳನ್ನು ಹಿಡಿದುಕೊಂಡು ಅಲ್ಲೇ ನಿಂತ.

‘ಏನ್ರೀ?’ ಎಂದರು ಗಂಗಾಧರಪ್ಪನವರು. ‘ನಾನು ನೋಡಿ ಹೇಳ್ತಿದೀನಿ, ಮುಟ್ಟಿದೆ ಅಂತ. ನನ್ನ ಕಣ್ಣು ಸುಳ್ಳಾ?’

‘ಇಲ್ಲ ಸಾರ್. ನೀವು ನೋಡುವಾಗ ಮುಟ್ಟಿತ್ತು.’

‘ಮತ್ತೆ?’

‘ಮಾವ ಹೊಡೆದಾಗ ಮುಟ್ಟಿರಲಿಲ್ಲ. ನಾನು ಮೊದಲು ನೋಡಿದಾಗ ಮಧ್ಯೆ ಬಿಳಿ ಇತ್ತು. ಆಮೇಲೆ ನೀವೆಲ್ಲ ಸೇರಿ ಮುಟ್ಟಿಸಿದ್ರಿ.’ ಅವನು ಗೇಜನ್ನು ಒರೆಯೊಳಗೆ ಸೇರಿಸಿದ. ‘ಒಂದು ತೂತಿಗೆ ಒಂದೇ ಸಲ ಇಳಿಸಬೇಕು. ಅದನ್ನ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು. ಅಂಕ ಒಂಬತ್ತು.’

ಆ ಮಾತಿನಿಂದ ಸಂತೋಷಪಟ್ಟವರು ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಸೊರಬ ಸೋತಿತು. ಗೆದ್ದ ಗಂಗಾಧರಪ್ಪನವರ ಗತಿ ಇನ್ನೂ ಕೆಟ್ಟದ್ದಾಯಿತು. ಈಗಷ್ಟೇ ಸಿಕ್ಕಿದ್ದ ದೊಡ್ಡತನ ಕೈತಪ್ಪಿ ಹೋಗಿ, ಬದಲಿಗೆ ಬಣ್ಣ ಬಳಿದ ಒಂದು ಕಪ್ಪು ಬಂದಿತ್ತು. ಅವರು ಅದನ್ನು ಕಹಿ ಕಷಾಯದ ಬಟ್ಟಲು ಹಿಡಿದ ಹಾಗೆ ಹಿಡಿದು ನಿಂತರು. ಜಟ್ಟಪ್ಪನವರು ಎತ್ತಿ ಕಟ್ಟಿದ್ದ ಪಂಚೆಯನ್ನು ನಿಧಾನವಾಗಿ ಇಳಿಸಿ, ‘ಅಳಿಯಂದ್ರು ಹೇಳಿದ ಮೇಲೆ ಆತು’ ಎಂದರು. ಅದರ ನಂತರ ಅವನ ಜೊತೆ ಮಾತಾಡಲಿಲ್ಲ.

ಆದರೆ ಅಳಿಯನ ಮೇಲೆ ಸಿಟ್ಟು ತೋರಿಸುವುದು ಆ ಮನೆಯಲ್ಲಿ ನಡೆದು ಬಂದ ಪದ್ಧತಿಯಲ್ಲ. ಆದ್ದರಿಂದ ಜಟ್ಟಪ್ಪನವರ ಸಿಟ್ಟೆಲ್ಲ ಊಟದ ಉಪಚಾರವಾಗಿ ಹೊರಬಂತು. ಎಲ್ಲರಿಗಿಂತ ದೊಡ್ಡ ಎಲೆ, ಮಣೆಯ ಮೇಲೆ ಮಡಚಿದ ಜಮಖಾನ. ಮಾವ ಎದುರಿಗೆ ನಿಂತು, ಬಾಯಿ ಬಿಡದೆ, ಬೆರಳಿನಿಂದ ಎಲೆ ತೋರಿಸುತ್ತಿದ್ದರು, ಹೂವಮ್ಮನವರು ಬಡಿಸುತ್ತಿದ್ದರು. ಬೇಡ ಎಂದರೆ ಮಾವನ ಬೆರಳು ಇನ್ನೊಮ್ಮೆ ತೋರಿಸುತ್ತಿತ್ತು. ಹೋಳಿಗೆಯ ಮೇಲೆ ಬಿದ್ದ ತುಪ್ಪ ಹರಿದು ಎಲೆಯ ಅಂಚಿಗೆ ಬಂದಾಗ, ಇಷ್ಟು ಕೋಪ ಮಾಡಿಕೊಂಡಿದ್ದಾರೆಂದು ಹುಚ್ಚರಾಯಪ್ಪನಿಗೆ ಗಾಬರಿಯಾಯಿತು. ಶಿರಸ್ತೇದಾರರು ಪಕ್ಕದಲ್ಲಿ ಕಪ್ಪನ್ನು ಗೋಡೆಯ ಕಡೆ ತಿರುಗಿಸಿಟ್ಟುಕೊಂಡು ಉಣ್ಣುತ್ತಿದ್ದರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ವರದ ನೀರಿನ ಚೊಂಬು ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಅಪ್ಪನ ಕೊನೆಯ ಗುಂಡಿನ ಆ ಕಾರ್ಡು ಇತ್ತು. ಅವನು ಕೈ ಒಡ್ಡಿದ, ಅವಳು ನೀರು ಹಾಕಿದಳು. ತುಪ್ಪ ಹೋಗಲು ಬಹಳ ಹೊತ್ತು ಉಜ್ಜಬೇಕಾಯಿತು.

‘ಅಪ್ಪಯ್ಯಂಗೆ ಒಂಬತ್ತು ಕೊಟ್ರಿ’ ಎಂದಳು ಕೊನೆಗೆ.

‘ಹೂಂ.’

‘ಹತ್ತು ಅಂದಿದ್ರೆ ನಾನು ಇಲ್ಲೇ ಇರ್ತಿದ್ದೆ.’

ಅವನಿಗೆ ಆದದ್ದು ಸಂತೋಷವೋ ನಾಚಿಕೆಯೋ ತಿಳಿಯಲಿಲ್ಲ, ಅಳು ಬಂದರೆ ಏನು ಮಾಡುವುದೆಂದು ತಲೆ ತಗ್ಗಿಸಿ ಮತ್ತೆ ಕೈ ಉಜ್ಜಿಕೊಂಡ. ‘ವರದ, ಅವತ್ತು ಸೌದೆ ನೂಕಿದ್ದು ಅವ್ವ. ನಾನು ನೋಡಿದ್ದೆ’ ಎಂದ.

‘ನೀವು ನೋಡಿದ್ದು ನಂಗೆ ಗೊತ್ತಿತ್ತು. ಅದನ್ನ ಈ ಹಿತ್ಲಲ್ಲಿ ಹೇಳಿದ್ರೆ ಎಂತ ಬಂತು? ಅಲ್ಲಿ, ಅತ್ತೆ ಮುಂದೆ ಹೇಳ್ಬೇಕು.’ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಅವನ ಹೆಸರಿನಲ್ಲಿ ಕೊನೆಯ ‘ಪ್ಪ’ ಒಂದು ಬಿಟ್ಟರೆ ಏನೂ ಉಳಿದಿರಲಿಲ್ಲ.

‘ಮುಳ್ಳು ನನ್ನ ಹೆಸರ ಮೇಲೇ ಇಟ್ಟಿದ್ದೀಯ’ ಎಂದ ಅವನು.

‘ಮತ್ತೆ? ಒಂಚೂರು ಕೆಳಗಿಟ್ಟಿದ್ರೆ ನನ್ನ ಹೆಸರಿಗೆ ಬೀಳ್ತಿತ್ತು’ ಎಂದವಳು, ‘ಅಮ್ಮಾ, ನನ್ನ ಟ್ರಂಕು’ ಎಂದು ಕೂಗುತ್ತ ಒಳಗೆ ಹೋದಳು.

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. ‘ಗಟ್ಟಿ ಆತಾ?’ ಎಂದ. ‘ಎರಡು’ ಎಂದ ಹುಚ್ಚರಾಯಪ್ಪ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ. ಗಂಗಾಧರಪ್ಪನವರು ಮುಂದೆ ಕೂತಿದ್ದರು, ಮಡಿಲಲ್ಲಿ ಏರ್‌ಗನ್ನಿನ ಜೊತೆ ಕಪ್ಪೂ ಬೆಡ್‌ಶೀಟಿನೊಳಗೆ ಸೇರಿತ್ತು. ಶಿರಾಳಕೊಪ್ಪದವರೆಗೆ ಅವರು ತಿರುಗಲಿಲ್ಲ. ನಾಳೆ ಕಚೇರಿಯಲ್ಲಿ ತನ್ನ ಮೇಜಿನ ಮೇಲೆ ಎಂಥ ಕಡತ ಬಂದು ಬೀಳುವುದೋ ಎಂದು ಅವನು ಊಹಿಸುತ್ತಿದ್ದ. ಆಮೇಲೆ ಅವರು ತಿರುಗಿ, ಅವನನ್ನು ಬಿಟ್ಟು, ವರದನ ಕಡೆ ನೋಡಿ, ‘ಏನಮ್ಮ, ಇವರು ಮನೇಲೂ ಹೀಗೇನಾ?’ ಎಂದು ಕೇಳಿದರು.

‘ಇಲ್ಲ ಸ್ವಾಮಿ’ ಎಂದಳು ವರದ. ‘ಇವತ್ತಿಂದ ಶುರು.’

ಮಧ್ಯಾಹ್ನದಿಂದ ಬಿಗಿದುಕೊಂಡಿದ್ದ ಶಿರಸ್ತೇದಾರರ ಮೀಸೆ ಒಂದು ಕಡೆ ಸಡಿಲವಾಯಿತು. ‘ಕಷ್ಟ ಇದೆ’ ಎಂದು ಮುಂದಕ್ಕೆ ತಿರುಗಿದರು.

ಶಿಕಾರಿಪುರದಲ್ಲಿ ಇಳಿದು ಮನೆಗೆ ನಡೆಯುವಾಗ ಹುಚ್ಚರಾಯಪ್ಪನ ಧೈರ್ಯ ಹೆಜ್ಜೆ ಹೆಜ್ಜೆಗೂ ಕರಗುತ್ತಿತ್ತು. ಶಿರಸ್ತೇದಾರರು ಬೇರೆ, ಮಾವ ಬೇರೆ. ಅವರ ಮುಂದೆ ಕಾರ್ಡು ಇತ್ತು, ಗೆರೆ ಇತ್ತು. ಅವ್ವನ ಮುಂದೆ ಏನಿದೆ? ಸೌದೆ ಅವತ್ತೇ ಉರಿದು ಬೂದಿಯಾಗಿದೆ. ಅವ್ವ ಅಳುತ್ತಾಳೆ. ಹೆತ್ತ ತಾಯಿಯನ್ನು ಹೆಂಡತಿಯ ಎದುರಿಗೆ ನಿಲ್ಲಿಸಿದೆ ಎನ್ನುತ್ತಾಳೆ. ಊಟ ಬಿಡುತ್ತಾಳೆ, ತಮ್ಮನ ಮನೆಗೆ ಹೋಗುತ್ತೇನೆ ಎನ್ನುತ್ತಾಳೆ. ಆಗ ತಾನು ಅವಳ ಕಾಲು ಹಿಡಿಯಬೇಕಾಗುತ್ತದೆ, ಅದನ್ನೂ ವರದ ನೋಡುತ್ತಾಳೆ. ನಾಳೆ ಹೇಳಿದರಾಗದೇ? ಅವ್ವ ಒಬ್ಬಳೇ ಇರುವಾಗ, ಮೆಲ್ಲಗೆ? ಪಕ್ಕದಲ್ಲಿ ವರದ ನಡೆಯುತ್ತಿದ್ದಳು. ಟ್ರಂಕು ಅವನ ತಲೆಯ ಮೇಲಿತ್ತು. ಬಾಗಿಲಲ್ಲಿ ಅವ್ವ ದೀಪ ಹಿಡಿದು ನಿಂತಿದ್ದಳು. ಸೊಸೆಯನ್ನು ನೋಡಿದಳು, ಟ್ರಂಕನ್ನು ನೋಡಿದಳು.

‘ಬಂದ್ಯಾ? ಸಣ್ಣಗಾಗಿಯಲ್ಲ. ಯಾರ್ ಗೆದ್ರು?’

ಟ್ರಂಕನ್ನು ಇಳಿಸಿದರೆ ಮಾತು ಹೊರಡುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಹೊತ್ತುಕೊಂಡೇ, ‘ಅವ್ವಾ, ಅವತ್ತು ಒಲೆಗೆ ಸೌದೆ ನೂಕಿದ್ದು ನೀನು. ವರದ ಅಲ್ಲ. ನಾನು ನೋಡಿದ್ದೆ’ ಎಂದ.

ಅವ್ವ ದೀಪವನ್ನು ಸ್ವಲ್ಪ ಎತ್ತಿ ಅವನ ಮುಖ ನೋಡಿದಳು. ‘ಹೌದು, ನಾನೇ. ಯಾರು ಅಲ್ಲಂದ್ರು?’

‘ಮತ್ತೆ ಅವತ್ತು ಇವಳಿಗೆ ಬೈದಿಯಲ್ಲ.’

‘ಬೈಯೋದು ಅತ್ತಿ ಕೆಲ್ಸ, ಬೈದೆ. “ಇಲ್ಲವ್ವಾ, ನೀನ ನೂಕಿದ್ದು” ಅನ್ನೋದು ನಿನ್ ಕೆಲ್ಸಿತ್ತು. ನೀ ಗುಗ್ಗೆಕಡ್ಡಿ ಹಿಡ್ಕಂಡು ಕುಂತಿ. ನೀ ಒಂದ್ ಮಾತು ಅಂದಿದ್ರ ಅವತ್ತೇ ಮುಗೀತಿತ್ತು. ಇಷ್ಟು ದಿನ ಒಬ್ಳೇ ರೊಟ್ಟಿ ಬಡಿದು ನನ್ ತೋಳು ಬಿದ್ದೋಗ್ಯಾವ.’ ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು, ‘ಒಳಗ್ ಬಾರವ್ವ, ಚಳಿ ಐತಿ’ ಎಂದಳು. ಇಬ್ಬರೂ ಒಳಗೆ ಹೋದರು. ಟ್ರಂಕು ಹೊತ್ತ ಹುಚ್ಚರಾಯಪ್ಪ ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದ. ಗೌರಿಹಬ್ಬದಿಂದ ಈಚೆಗೆ ತಾನು ಪಟ್ಟ ಸಂಕಟಕ್ಕೆ ಇಷ್ಟೇ ಉತ್ತರವೆಂದು ಅವನಿಗೆ ನಂಬಲಾಗಲಿಲ್ಲ, ಒಂದು ರೀತಿಯಲ್ಲಿ ಅವಮಾನವೂ ಆಯಿತು.

ಕೈಕಾಲು ತೊಳೆದು ಬಂದಾಗ ವರದ ಒಲೆಯ ಮೇಲೆ ಹಾಲಿಟ್ಟಿದ್ದಳು. ‘ಹಿತ್ಲಿಗೆ ಹೋಗಿ ಬರ್ತೀನಿ, ನೋಡ್ಕಳಿ’ ಎಂದು ಎದ್ದಳು. ಅವ್ವ ಕೊಟ್ಟಿಗೆಯ ಕಡೆ ಇದ್ದಳು. ಅವನು ಅದೇ ಹೊಸ್ತಿಲಲ್ಲಿ ಕೂತ. ನೋಡಿಕೊಳ್ಳುತ್ತೇನೆ ಎಂದು ನಿಜವಾಗಿಯೂ ಕೂತ. ನೆಲದ ಮೇಲೆ ವರದನ ಚೀಲದಿಂದ ಆ ಕಾರ್ಡು ಅರ್ಧ ಹೊರಗೆ ಬಂದಿತ್ತು. ಮೊದಲು ಕಂಡ ಆ ಬಿಳಿಯ ಗುರುತು ಎಲ್ಲಾದರೂ ಒಂದು ಎಳೆಯಷ್ಟು ಉಳಿದಿರಬಹುದೇ ಎಂದು ಅವನು ಒರೆಯಿಂದ ಗೇಜು ತೆಗೆದು, ಕನ್ನಡಿ ಬಿಚ್ಚಿ, ಎರಡೂ ಕಣ್ಣು ತೆರೆದು, ದೀಪದ ಹತ್ತಿರಕ್ಕೆ ಬಗ್ಗಿದ. ಉಳಿದಿರಲಿಲ್ಲ. ತೂತಿನೊಳಗಿಂದ ಒಲೆಯ ಬೆಳಕು ಕಾಣುತ್ತಿತ್ತು. ಅದು ಒಮ್ಮೆ ಮಂಕಾಯಿತು, ಆಮೇಲೆ ಚುಂಯ್ ಎಂದು ಸದ್ದಾಯಿತು, ಸುಟ್ಟ ಹಾಲಿನ ವಾಸನೆ ಮನೆ ತುಂಬಿತು.

ಹಿತ್ತಲಿನ ಬಾಗಿಲಲ್ಲಿ ವರದ, ಕೊಟ್ಟಿಗೆಯ ಬಾಗಿಲಲ್ಲಿ ಅವ್ವ ಬಂದು ನಿಂತರು. ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ಅವನನ್ನು ನೋಡಿದರು. ಯಾರೂ ಏನೂ ಕೇಳಲಿಲ್ಲ.

‘ನಾನೇ’ ಎಂದ ಹುಚ್ಚರಾಯಪ್ಪ, ಗೇಜನ್ನು ಕೆಳಗಿಟ್ಟು ಒಲೆ ಒರೆಸುವ ಬಟ್ಟೆ ಹುಡುಕುತ್ತ.